ದೋಣಿಯ ಬೂಚು

ಆ ಮನೆಯಲ್ಲಿ ಮಳೆ ಬಂದರೆ ಮೊದಲು ಕೇಳಿಬರುವ ಮಾತು "ಬಟ್ಟೆ ಒಳಗೆ ತಂದ್ರಾ?" ಎಂಬುದಲ್ಲ, "ಮಗ್ಗು ಎಲ್ಲಿ?" ಎಂಬುದು. ಬಚ್ಚಲಿನ ಮಗ್ಗು ಬಚ್ಚಲಿನಲ್ಲಿ ಇರುವುದು ಬೇಸಿಗೆಯಲ್ಲಿ ಮಾತ್ರ. ಮಳೆ ಹಿಡಿಯಿತೆಂದರೆ ಅದು ಮನೆಯ ಪಕ್ಕದ ಸಂದಿಯಲ್ಲಿ, ಅಜ್ಜಿಯ ಅಲ್ಯೂಮಿನಿಯಂ ದೋಣಿಯೊಳಗೆ, ತನಗೂ ಈ ಮನೆಗೂ ಸಂಬಂಧವಿಲ್ಲ ಎನ್ನುವಂತೆ ತೇಲಿಕೊಂಡಿರುತ್ತದೆ. ಸ್ನಾನಕ್ಕೆ ಹೋದವರು ಸೋಪು ಹಚ್ಚಿಕೊಂಡ ಮೇಲೆ ನೆನಪಾಗಿ ಬಾಗಿಲು ಬಡಿಯುತ್ತಾರೆ.

ದೋಣಿ ದೊಡ್ಡದೇನಲ್ಲ. ಇಬ್ಬರು ಕೂತು ನಡುವೆ ಒಂದು ಬುಟ್ಟಿ ಇಟ್ಟರೆ ಮುಗಿಯಿತು. ಅದನ್ನು ಎರಡು ಚಕ್ರದ ಒಂದು ಗಾಡಿಯ ಮೇಲೆ, ಹಿಂಭಾಗ ತುಸು ಕೆಳಗಾಗಿ, ಮನೆಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದಿಯಲ್ಲಿ ನಿಲ್ಲಿಸಿದ್ದರು. ಸಂದಿ ಎಷ್ಟು ಇಕ್ಕಟ್ಟೆಂದರೆ ದೋಣಿಯನ್ನು ಬೋರಲು ಹಾಕಲು ಜಾಗವಿಲ್ಲ. ಟಾರ್ಪಾಲು ಹೊದಿಸಿ ನೋಡಿದ್ದಾಯಿತು. ಅದು ನೀರು ತುಂಬಿಕೊಂಡು ಜೋತುಬಿದ್ದು, ಕೊನೆಗೆ ಹರಿದು, ಇದ್ದಬದ್ದ ನೀರನ್ನೆಲ್ಲ ಒಂದೇ ಸಲ ದೋಣಿಗೇ ಸುರಿಯಿತು. ಹಾಗಾಗಿ ಪ್ರತಿ ಮಳೆಗೂ ಯಾರಾದರೂ ಒಬ್ಬರು ಒಳಗೆ ಇಳಿದು, ಸೊಂಟ ಬಗ್ಗಿಸಿ, ಮಗ್ಗಿನಲ್ಲಿ ಮೊಗೆದು ಹೊರಗೆ ಎರಚಬೇಕು. ಆ ಯಾರಾದರೂ ಒಬ್ಬರು ಯಾವಾಗಲೂ ಅಜ್ಜಿಯೇ.

ಬೇಸರವಿಲ್ಲದೆ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರ ಮೋಟರ್ ಸೈಕಲ್ ಮಾರಿ ತಾವೇ ಕೊಂಡ ದೋಣಿ ಅದು. ಬೆಳಗಾದರೆ ಓಣಿಯ ಇಳಿಜಾರಿನಲ್ಲಿ ಗಾಡಿಯನ್ನು ಕೆರೆಯವರೆಗೆ ಉರುಳಿಸಿಕೊಂಡು ಹೋಗಿ, ನಡುನೀರಿಗೆ ಹುಟ್ಟು ಹಾಕಿಕೊಂಡು ಹೋಗಿ, ಗಾಳ ಬಿಟ್ಟು ಕೂರುತ್ತಿದ್ದರು. ಮೀನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಅಮ್ಮಾ, ಅತ್ತೆ, ಅಜ್ಜಿ ಎಂದು ಯಾರೂ ಕರೆಯದ ಜಾಗ ಭೂಮಿಯ ಮೇಲೆ ಅದೊಂದೇ ಇತ್ತು. ಅದಕ್ಕಾಗಿ ಎಷ್ಟು ಮಗ್ಗು ನೀರು ಬೇಕಾದರೂ ಎರಚಿಯಾರು.

ಇಂಥ ದೋಣಿಗಳ ಹಿಂಭಾಗದಲ್ಲಿ, ತಳಕ್ಕೆ ಹತ್ತಿರ, ಒಂದು ತೂತು ಇರುತ್ತದೆ. ಅದಕ್ಕೊಂದು ರಬ್ಬರ್ ಬೂಚು. ದಡದಲ್ಲಿ ಬೂಚು ಕಿತ್ತರೆ ಮಳೆ ನೀರು ತಾನಾಗಿ ಹರಿದುಹೋಗುತ್ತದೆ, ಕೆರೆಗಿಳಿಸುವ ಮೊದಲು ಮತ್ತೆ ಹಾಕಿದರಾಯಿತು. ಈ ದೋಣಿಗೂ ಇತ್ತು. ಮಗ ಮದುವೆಯಾದ ವಾರದಲ್ಲೇ ಹೊಸ ಹೆಂಡತಿಯನ್ನು ಕೂರಿಸಿಕೊಂಡು, ಒಂದು ಪಾತ್ರೆಯಲ್ಲಿ ಮಧ್ಯಾಹ್ನದ ಊಟ ಕಟ್ಟಿಸಿಕೊಂಡು, ದೊಡ್ಡ ಜಂಬದಿಂದ ಕೆರೆಗೆ ಇಳಿದ. ದಡದಿಂದ ಕೂಗಳತೆಯನ್ನೂ ದಾಟಿರಲಿಲ್ಲ, ದೋಣಿ ಕುತ್ತಿಗೆಯವರೆಗೆ ನೀರು ಕುಡಿದು ಮುಳುಗಿತು. ತೂತಿನಲ್ಲಿ ಬೂಚು ಇರಲಿಲ್ಲ. ಓಣಿಗೆ ಓಣಿಯೇ ದಡದಲ್ಲಿ ನಿಂತು ನೋಡಿತು. ಊಟದ ಪಾತ್ರೆ ಮಾತ್ರ ಸುರಕ್ಷಿತವಾಗಿ ತೇಲಿಕೊಂಡು ದಡ ಸೇರಿತು.

"ನಾನು ಹಾಕಿದ್ದೆ! ಹಿಂದಿನ ದಿನವೇ ಹಾಕಿಟ್ಟಿದ್ದೆ!" ಎಂದು ಅವನು ಬಡಿದುಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಿನಿಂದ ಅವನ ಹೆಸರು ಬೂಚು. ಪೇಪರ್ ಹಾಕುವವನಿಗೂ ಬೂಚಣ್ಣ, ಕೆಲಸದ ಕಡೆ ಯಜಮಾನನಿಗೂ ಬೂಚು. ಅವನು ಗೇಟು ಮಾಡುವ ವರ್ಕ್‌ಶಾಪಿನಲ್ಲಿ ವೆಲ್ಡರ್. ಮಾರನೆಯ ದಿನ ಯಾರ ಹತ್ತಿರವೂ ಮಾತಾಡದೆ ದೋಣಿಯನ್ನು ಅಲ್ಲಿಗೆ ಎಳೆದುಕೊಂಡು ಹೋಗಿ, ಆ ತೂತಿಗೆ ಶಾಶ್ವತವಾಗಿ ಬೆಸುಗೆ ಹಾಕಿ ತಂದ. "ಇನ್ನು ಮರೆಯೋ ಮಾತೇ ಇಲ್ಲ," ಎಂದ. ಆ ಸಿಟ್ಟಿನ ಬೆಲೆಯಾಗಿ ಇಪ್ಪತ್ತು ವರ್ಷ ಅಜ್ಜಿ ಮಗ್ಗು ಹಿಡಿದರು.

ಈ ವರ್ಷದ ಮೊದಲ ದೊಡ್ಡ ಮಳೆಯ ಮರುದಿನ ಅದಾಯಿತು. ನೀರು ಎರಚುತ್ತಿದ್ದ ಅಜ್ಜಿ ಪಾಚಿಗಟ್ಟಿದ ತಳದಲ್ಲಿ ಕಾಲು ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಕೆಲಸ ಮುಗಿಸಿ ಬಂದ ಮಗ ಅವರನ್ನು ಕಂಡದ್ದು ದೋಣಿಯೊಳಗೆ, ಎದೆ ಮುಳುಗುವ ನೀರಿನಲ್ಲಿ, ಕಣ್ಣು ಮುಚ್ಚಿಕೊಂಡು ಒರಗಿದ್ದ ಸ್ಥಿತಿಯಲ್ಲಿ. ಮಗ್ಗು ಇನ್ನೂ ಎಡಗೈಯಲ್ಲಿತ್ತು.

ಕೈಗೆ ಪ್ಲಾಸ್ಟರ್ ಬಿತ್ತು. ಆ ವಾರ ಅನ್ನದ ಜೊತೆ ಮೊಟ್ಟೆ ಪಲ್ಯವನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನಲು ಅಜ್ಜಿ ಒದ್ದಾಡುತ್ತಿದ್ದಾಗ ಮಗ ತಟ್ಟೆಯಿಂದ ತಲೆ ಎತ್ತದೆ ಹೇಳಿದ.

"ದೋಣಿ ಕೊಟ್ಟುಬಿಡ್ತೀನಿ. ಹೋಟೆಲಿನವರು ಕೇಳಿದಾರೆ."

"ಹೋಟೆಲಿನವರಿಗೆ ದೋಣಿ ಯಾಕೋ? ಸಾರಲ್ಲಿ ಓಡಿಸ್ತಾರಾ?"

"ಬಾಗಿಲ ಮುಂದೆ ಇಟ್ಟು, ಮಣ್ಣು ತುಂಬಿ ಹೂವಿನ ಗಿಡ ಹಾಕ್ತಾರಂತೆ. ಮುಂದಿನ ತಿಂಗಳ ಕೊನೆಯ ಭಾನುವಾರ ಬಂದು ತಗೊಂಡು ಹೋಗ್ತಾರೆ. ತಳಕ್ಕೆ ಹತ್ತಾರು ತೂತು ಹೊಡೆಸಿದ್ರೆ ಗಿಡ ಕೊಳೆಯಲ್ವಂತೆ."

ಅಜ್ಜಿಯ ಚಮಚ ತಟ್ಟೆಗೆ ಬಿತ್ತು. "ಹತ್ತಾರು ತೂತು! ನನ್ನ ದೋಣಿಗೆ! ನನ್ನನ್ನ ಕೇಳದೆ!"

"ಕೇಳಿದ್ರೆ ಕೊಡ್ತೀಯಾ?"

"ಕೊಡಲ್ಲ."

"ಅದಕ್ಕೇ ಕೇಳಲಿಲ್ಲ. ಸೊಳ್ಳೆ ಸಾಕೋದಕ್ಕೆ ಒಂದು ತೊಟ್ಟಿ ಬೇರೆ ಬೇಕಾ ಮನೆಗೆ?"

ಮೊಮ್ಮಗಳು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ದಿನಾ ಸಂಜೆ ಮಾರಾಟಕ್ಕಾಗದ ಸೀದ ಬನ್ನುಗಳನ್ನು ತರುತ್ತಿದ್ದಳು. ಅದರಲ್ಲೊಂದನ್ನು ಮುರಿಯುತ್ತ, "ಅಪ್ಪ, ಅಜ್ಜಿ ಕೈ ಸರಿಹೋದ್ಮೇಲೆ ಮತ್ತೆ ಬೇಕಾಗುತ್ತಲ್ವಾ?" ಎಂದಳು.

"ಸರಿಹೋಗೋ ಕೈಯಾ ಅದು? ಒಂದು ಲೋಟ ಎತ್ತೋಕಾಗಲ್ಲ." ಮಗ ತಟ್ಟೆ ತಳ್ಳಿದ. "ಸರಿ, ಒಂದು ಮಾತು ಹೇಳ್ತೀನಿ ಕೇಳು. ಆ ಭಾನುವಾರದೊಳಗೆ ತುಂಬಿದ ದೋಣಿನ ನೀನೊಬ್ಬಳೇ, ಯಾರ ಸಹಾಯನೂ ಇಲ್ದೆ, ಖಾಲಿ ಮಾಡಿ ತೋರಿಸು. ಆಮೇಲೆ ನಾನು ಅದರ ಸುದ್ದಿಗೆ ಬಂದ್ರೆ ಕೇಳು."

"ತೋರಿಸ್ತೀನಿ."

"ತೋರಿಸು."

"ಬಾಯಿಂದ ಆಡಿದ ಮಾತು. ಮರೀಬೇಡ."

"ನಾನು ಮರೆಯೋನಲ್ಲ," ಎಂದ ಬೂಚು. ಎದುರಿಗಿದ್ದ ಮೂವರೂ ಏನೂ ಅನ್ನದೆ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಅವನಿಗೆ ಅದು ಅಂದದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು.

ಈ ಜಗಳದಲ್ಲಿ ತುಟಿ ಪಿಟಕ್ಕೆನ್ನದೆ ಕೂತವಳು ಸೊಸೆ. ಅವಳು ಹಾರ್ಡ್‌ವೇರ್ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದಳು. ಮಾತಿನಲ್ಲಿ ಮಳೆಗಿಂತ ಜೋರು. ದೋಣಿ ಹೋದರೆ ಆ ಸಂದಿಗೆ ಒಂದು ತಗಡು ಹೊದಿಸಿ ಬಟ್ಟೆ ಒಣಗಿಸಬಹುದು ಎಂದು ಹತ್ತು ವರ್ಷದಿಂದ ಹೇಳುತ್ತಿದ್ದವಳೂ ಅವಳೇ. ಹಾಗಾಗಿ ಅವಳು ಗಂಡನ ಪಕ್ಷ ಎಂದು ಎಲ್ಲರೂ ಅಂದುಕೊಂಡರು. ಊಟ ಮುಗಿದ ಮೇಲೆ ಅವಳು ಪಾತ್ರೆ ತೊಳೆಯಲು ಸಿಂಕಿನ ಮುಂದೆ ನಿಂತು, ನೀರು ತುಂಬಿಸಿ, ಆಮೇಲೆ ಬೂಚು ಕಿತ್ತು ಕೈಯಲ್ಲಿ ಹಿಡಿದುಕೊಂಡು, ನೀರೆಲ್ಲ ಹೋದ ಮೇಲೂ ನಿಂತೇ ಇದ್ದಳು.

ಮಳೆ ಅಜ್ಜಿಯ ಮೇಲೆ ಹಟ ತೊಟ್ಟಂತೆ ಸುರಿಯಿತು. ಒಳಗೆ ಇಳಿಯುವುದಿಲ್ಲ ಎಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದರಿಂದ ಅವರು ಸಂದಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು, ದೋಣಿಯ ಅಂಚಿನ ಮೇಲಿಂದ ಎಡಗೈ ಚಾಚಿ ಮೊಗೆಯುತ್ತಿದ್ದರು. ಅರ್ಧ ಮಗ್ಗು ಬರುತ್ತಿತ್ತು. ಅದರಲ್ಲೂ ಅರ್ಧ ಮಡಿಲಿಗೆ ಬೀಳುತ್ತಿತ್ತು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎರಚಿದ್ದನ್ನು ಸಂಜೆಯ ಒಂದು ಮಳೆ ವಾಪಸು ತುಂಬಿಸುತ್ತಿತ್ತು.

ಬೇಕರಿಯಿಂದ ಮನೆಗೆ ಬಂದ ಮೊಮ್ಮಗಳು ಬಕೆಟ್ ಹಿಡಿದು ಬಂದರೆ ಗದರಿಸುತ್ತಿದ್ದರು. "ಒಬ್ಬಳೇ ಅಂದಿದಾನೆ. ನೀನು ಒಂದು ಹನಿ ಮುಟ್ಟಿದ್ರೂ ನಾನು ಸೋತ ಹಾಗೆ."

"ಯಾರೂ ನೋಡಲ್ಲ ಅಜ್ಜಿ."

"ನಾನು ನೋಡ್ತೀನಲ್ಲ!"

ಪ್ಲಾಸ್ಟರ್ ತೆಗೆದರು. ಒಳಗಿನಿಂದ ಹೊರಬಂದ ಕೈ ಯಾರದೋ ಕೈಯಂತೆ ಸಣಕಲಾಗಿ, ಬಿಳಿಚಿಕೊಂಡಿತ್ತು. ಮೊದಲ ದಿನ ಆ ಕೈಯಲ್ಲಿ ಮಗ್ಗು ಹಿಡಿದರು. ತುಂಬಿದ ಮಗ್ಗು ಎತ್ತುವಷ್ಟರಲ್ಲಿ ಬೆರಳು ಸಡಿಲಿ, ಮಗ್ಗು ಬುಳುಕ್ಕೆಂದು ಮುಳುಗಿತು. ಅದನ್ನು ತೆಗೆಯಲೂ ಹೋಗದೆ ಸ್ಟೂಲಿನ ಮೇಲೆ ಕೂತೇ ಇದ್ದರು. ಅಳು ಬಂತು. ಮನೆಯವರ ಮುಂದೆ ಅಳುವ ಜಾಯಮಾನದವರಲ್ಲ, ಗೋಡೆಯ ಕಡೆ ತಿರುಗಿ ಅತ್ತರು.

ಮೊಮ್ಮಗಳು ಅದನ್ನು ಕಿಟಕಿಯಿಂದ ನೋಡಿಬಿಟ್ಟಿದ್ದಳು. ಸಂಜೆ ಅಪ್ಪ ಬೂಟು ಬಿಚ್ಚುವ ಮೊದಲೇ ಶುರು ಮಾಡಿದಳು.

"ಅಪ್ಪ, ನಿನಗೆ ಕರುಣೆ ಇಲ್ವಾ? ಅಜ್ಜಿ ಅಳ್ತಾ ಇದ್ರು."

"ಅಳ್ಲಿ. ಕೈ ಮುರ್ಕೊಂಡು ಅಳೋದಕ್ಕಿಂತ ವಾಸಿ."

"ಕೈ ಮುರಿದಿದ್ದು ದೋಣಿಯಿಂದ ಅಲ್ಲ. ನೀನು ಹಾಕಿದ ಬೆಸುಗೆಯಿಂದ! ತೂತು ಇದ್ದಿದ್ರೆ ಅಜ್ಜಿ ಒಳಗೆ ಇಳೀಬೇಕಾಗೇ ಇರ್ಲಿಲ್ಲ. ನೀನು ಬೂಚು ಮರೆತೆ, ಅವಮಾನ ಆಯ್ತು ಅಂತ ತೂತೇ ಮುಚ್ಚಿದೆ. ಇಪ್ಪತ್ತು ವರ್ಷ ಅವರು ಮೊಗೆದ್ರು!"

"ನಾನು ಮರೆತಿರ್ಲಿಲ್ಲ!" ಮಗ ಒಂದು ಕಾಲಿನ ಬೂಟು ಎಸೆದ. ಅದು ಬಾಗಿಲಿಗೆ ಬಡಿದು ಬಿತ್ತು. "ಎಷ್ಟು ಸಲ ಹೇಳ್ಬೇಕು ಈ ಮನೇಲಿ! ಹಾಕಿದ್ದೆ. ಈ ಕೈಯಿಂದ್ಲೇ ಒತ್ತಿ ಹಾಕಿದ್ದೆ!"

ಇನ್ನೊಂದು ಕಾಲಿನ ಬೂಟು ಹಾಕಿಕೊಂಡೇ ಹಿತ್ತಲಿಗೆ ಹೋಗಿ ಕೂತ. ಅಂದು ಊಟಕ್ಕೆ ಬರಲಿಲ್ಲ. ಅವನು ಹಿತ್ತಲಿಗೆ ಹೋಗುವಾಗಲೂ ಸಂದಿಯ ಹಾದಿ ಬಿಟ್ಟು ಮನೆಯ ಒಳಗಿನಿಂದಲೇ ಸುತ್ತಿ ಹೋಗುತ್ತಿದ್ದ. ಅಮ್ಮ ಬಿದ್ದ ದಿನದಿಂದ ಅವನು ದೋಣಿಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಯಾರೂ ಅದನ್ನು ಗಮನಿಸಿರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ಸೊಸೆ ಪಾತ್ರೆ ಉಜ್ಜುತ್ತಿದ್ದಳು, ಅಜ್ಜಿ ಎಡಗೈಯಲ್ಲಿ ಒರೆಸಿ ಜೋಡಿಸುತ್ತಿದ್ದರು. ಆ ಅಡುಗೆಮನೆಯಲ್ಲಿ ಅವರಿಬ್ಬರ ನಡುವೆ ಉಪ್ಪಿನಿಂದ ಹಿಡಿದು ಇಕ್ಕಳದವರೆಗೆ ಎಲ್ಲಕ್ಕೂ ತಕರಾರು ನಡೆದಿತ್ತು. ಸೊಸೆ ಕೊನೆಯ ಪಾತ್ರೆ ಇಟ್ಟು, ಸಿಂಕಿನ ಬೂಚು ಕಿತ್ತು, ಅದನ್ನು ಅತ್ತೆಯ ಮುಂದೆ ಹಿಡಿದಳು. ದಪ್ಪ ಕಪ್ಪು ರಬ್ಬರಿನ, ತಲೆಯ ಮೇಲೆ ಹಿತ್ತಾಳೆ ಉಂಗುರವಿದ್ದ, ಸವೆದು ನುಣುಪಾದ ಬೂಚು.

"ಅತ್ತೆ, ಒಂದು ಹೇಳ್ಬೇಕು. ಬೈದ್ರೂ ಪರವಾಗಿಲ್ಲ. ಇದು..."

"ದೋಣಿದು," ಎಂದರು ಅಜ್ಜಿ, ಲೋಟ ಒರೆಸುವುದನ್ನು ನಿಲ್ಲಿಸದೆ.

"ನಿಮಗೆ ಗೊತ್ತಿತ್ತಾ?"

"ಈ ಸಿಂಕಿಗೆ ಮದುವೆಯಾಗಿ ಬಂದಾಗಿಂದ ಚಿಂದಿ ಬಟ್ಟೆ ತುರುಕಿದವಳು ನಾನು. ಒಂದು ಬೆಳಗ್ಗೆ ಎದ್ದು ನೋಡಿದ್ರೆ ಚಂದದ ಬೂಚು ಕೂತಿದೆ. ಗೊತ್ತಾಗಲ್ವಾ?"

ಸೊಸೆ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. "ಹಿಂದಿನ ದಿನ ದೋಣಿ ತೊಳೆಯೋಣ ಅಂತ ಹೋಗಿದ್ದೆ. ಹೊಸ ಮನೆ, ಒಳ್ಳೆ ಹೆಸರು ತಗೊಳ್ಳೋಣ ಅಂತ. ತೊಳೆದ ನೀರು ಹೋಗಲಿ ಅಂತ ಇದನ್ನ ಕಿತ್ತೆ. ನೋಡಿದ್ರೆ ನಮ್ಮ ಸಿಂಕಿನ ತೂತಿಗೆ ಹೇಳಿ ಮಾಡಿಸಿದ ಹಾಗಿತ್ತು. ದೋಣಿಗೆ ಅದು ಯಾಕೆ ಅಂತ ನನಗೇನು ಗೊತ್ತು? ನಾನು ಹುಟ್ಟಿದ ಕಡೆ ಬಾವಿ ಬಿಟ್ರೆ ನೀರೇ ನೋಡಿರ್ಲಿಲ್ಲ. ಮುಳುಗಿದ ಮೇಲೆ ಎಲ್ಲರೂ ಬೂಚು ಬೂಚು ಅಂತ ಕೂಗಾಡುವಾಗ ಗೊತ್ತಾಯ್ತು. ಬಾಯಿ ಬರ್ಲಿಲ್ಲ ಅತ್ತೆ. ಆಮೇಲೆ ದಿನ ಕಳೆದಷ್ಟೂ ಇನ್ನೂ ಬರ್ಲಿಲ್ಲ."

"ಮತ್ತೆ ವಾಪಸು ಇಡಬಹುದಿತ್ತಲ್ಲ?"

"ಎಲ್ಲಿಗೆ? ಅಷ್ಟರಲ್ಲಿ ನಿಮ್ಮ ಮಗ ಬೆಸುಗೆ ಹಾಕ್ಕೊಂಡು ಬಂದಾಗಿತ್ತು!"

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಸೊಸೆ ಅಳುತ್ತಿದ್ದವಳು ಅವರ ಮುಖ ನೋಡಿ ತಾನೂ ನಕ್ಕಳು. ಹಿತ್ತಲಿನಲ್ಲಿದ್ದ ಮಗನಿಗೆ ಕೇಳಬಾರದೆಂದು ಇಬ್ಬರೂ ಒರೆಸುವ ಬಟ್ಟೆಯ ಒಂದೊಂದು ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ನೀವು ಯಾಕೆ ಹೇಳ್ಲಿಲ್ಲ ಅತ್ತೆ?"

"ಬಂದು ವಾರ ಆಗಿತ್ತು ನೀನು. ಕೆರೆಯಿಂದ ಎಳ್ಕೊಂಡು ಬಂದಾಗ ಕೋಳಿಮರಿ ಹಾಗೆ ನಡುಗ್ತಾ ಇದ್ದೆ. ಹೇಳಿದ್ರೆ ಓಣಿ ನಿನ್ನನ್ನ ಬೂಚು ಅಂತಿತ್ತು. ಅವನಿಗಾದ್ರೆ ಏನು, ಚಿಕ್ಕಂದಿನಿಂದ ಬೈಸ್ಕೊಂಡು ಅಭ್ಯಾಸ. ಒಂದೆರಡು ತಿಂಗಳು ಅಂದು ಸುಮ್ನಾಗ್ತಾರೆ ಅಂದ್ಕೊಂಡೆ. ಇಪ್ಪತ್ತು ವರ್ಷ ಅಂತಾರೆ ಅಂತ ಯಾರಿಗೆ ಗೊತ್ತಿತ್ತು?"

ಸೊಸೆ ಕಣ್ಣು ಒರೆಸಿಕೊಂಡು ಎದ್ದಳು. ಬೂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ದಿನಾ ಅಂಗಡಿಯಲ್ಲಿ ಗಿರಾಕಿಗೆ ಸರಕು ತೋರಿಸುವಾಗಿನ ಮುಖ ಅದು.

"ಅತ್ತೆ, ಅವರು ಏನಂದ್ರು? ಯಾರ ಸಹಾಯನೂ ಇಲ್ದೆ ನೀವು ಖಾಲಿ ಮಾಡ್ಬೇಕು. ಮಗ್ಗಲ್ಲೇ ಮಾಡ್ಬೇಕು ಅಂದ್ರಾ?"

ಅಜ್ಜಿ ಒರೆಸುತ್ತಿದ್ದ ಲೋಟ ಕೆಳಗಿಟ್ಟರು. "ಅನ್ಲಿಲ್ಲ."

"ತೂತನ್ನ ಬೇರೆಯವರು ಕೊರೀಬಾರ್ದು ಅಂದ್ರಾ?"

"ಅದೂ ಅನ್ಲಿಲ್ಲ."

ಮಾರನೆಯ ದಿನ ಸೊಸೆ ಅಂಗಡಿಯಿಂದ ಡ್ರಿಲ್ ಯಂತ್ರ ತಂದಳು. ಗಂಡ ಕೆಲಸಕ್ಕೆ ಹೋದದ್ದೇ ತಡ, ಕಿಟಕಿಯಿಂದ ತಂತಿ ಎಳೆದು, ಗಂಡನದೇ ಹಳೆಯ ಕನ್ನಡಕ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ದೋಣಿಯ ಹಿಂದೆ ಕೂತಳು. ಮೊಮ್ಮಗಳು ದೋಣಿ ಅಲುಗದಂತೆ ಹಿಡಿದಳು, ಅಜ್ಜಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಬೆಸುಗೆಯ ಗಂಟು ಅವಲಕ್ಷಣವಾಗಿದ್ದರೂ ಕಲ್ಲಿನಂತಿತ್ತು. ಮೊದಲನೆಯ ಡ್ರಿಲ್ ಬಿಟ್ ಪಟ್ಟನೆ ಮುರಿಯಿತು. ಎರಡನೆಯದು ಕಾದು ಹೊಗೆ ಬಂತು.

"ನಿಮ್ಮಪ್ಪನ ಸಿಟ್ಟು ನೋಡೇ, ಲೋಹಕ್ಕೂ ಇಳಿದಿದೆ," ಎಂದಳು ಸೊಸೆ ಬೆವರು ಒರೆಸಿಕೊಳ್ಳುತ್ತ.

ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತ, ನಡುನಡುವೆ ಎಣ್ಣೆ ಬಿಡುತ್ತ ಕೊರೆದಳು. ಕೊನೆಗೆ ಒಳಗೆ ನಿಂತಿದ್ದ ನೀರು ತಟಕ್ಕನೆ ಅವಳ ಮುಖಕ್ಕೆ ಹಾರಿತು. ಮೂವರೂ ಕಿರುಚಿದರು. ಗುಂಡು ಅರದಿಂದ ಅಂಚು ಉಜ್ಜಿ, ಬೂಚು ಇಟ್ಟು, ತೆಗೆದು, ಮತ್ತೆ ಉಜ್ಜಿ, ಮಧ್ಯಾಹ್ನದ ಹೊತ್ತಿಗೆ ಬೂಚು ಇಪ್ಪತ್ತು ವರ್ಷ ಊರೂರು ತಿರುಗಿ ಮನೆಗೆ ಬಂದವನಂತೆ ತನ್ನ ಜಾಗದಲ್ಲಿ ಕೂತಿತು. ಮೊಮ್ಮಗಳು ಅದರ ಉಂಗುರಕ್ಕೆ ಗಟ್ಟಿ ದಾರ ಕಟ್ಟಿ, ದಾರದ ತುದಿಯನ್ನು ದೋಣಿಯ ಅಂಚಿನಿಂದ ಹೊರಗೆ ಇಳಿಬಿಟ್ಟಳು. ಒಳಗೆ ಇಳಿಯಬೇಕಿಲ್ಲ, ಕೈ ಒದ್ದೆಯಾಗಬೇಕೂ ಇಲ್ಲ.

ಅಂದಿನಿಂದ ಮಳೆ ನಿಂತುಹೋಯಿತು.

ಅಷ್ಟು ದಿನ ಬೇಡ ಬೇಡವೆಂದರೂ ಸುರಿದ ಆಕಾಶ ಒರೆಸಿಟ್ಟ ತಟ್ಟೆಯಂತೆ ಆಯಿತು. ಅಜ್ಜಿ ದಿನಕ್ಕೆ ಹತ್ತು ಸಲ ಸಂದಿಗೆ ಹೋಗಿ ಮೇಲೆ ನೋಡಿ ಬರುತ್ತಿದ್ದರು. ದೋಣಿ ಒಣಗಿ ತಳದಲ್ಲಿ ಎರಡು ಎಲೆ ಬಿದ್ದಿದ್ದವು. ಓಣಿಯವರೆಲ್ಲ ಖುಷಿಯಾಗಿ ಬಟ್ಟೆ ಒಣಗಿಸಿಕೊಂಡರೆ, ಸೊಸೆ ಒಣಗಿದ ಬಟ್ಟೆಗಳನ್ನು ನೋಡಿ ಹಲ್ಲು ಕಡಿದಳು.

"ಅತ್ತೆ, ಪೈಪ್ ಹಾಕಿ ತುಂಬಿಸಿಬಿಡೋಣ. ನೀರು ನೀರೇ ಅಲ್ವಾ?"

"ಬೇಡ. ಗೆದ್ರೆ ಮಳೆ ನೀರಲ್ಲಿ ಗೆಲ್ತೀನಿ. ನಲ್ಲಿ ನೀರಲ್ಲಿ ಗೆದ್ರೆ ನಾಳೆ ಅವನ ಮುಖ ಹೇಗೆ ನೋಡ್ಲಿ?"

"ಭಾನುವಾರ ಹತ್ರ ಬಂತು."

"ಬರಲಿ."

ಬಾಯಲ್ಲಿ ಹಾಗೆಂದರೂ ಅಜ್ಜಿಗೆ ಅನ್ನ ಸೇರುತ್ತಿರಲಿಲ್ಲ. ಸಿಂಕಿಗೆ ಮತ್ತೆ ಚಿಂದಿ ಬಟ್ಟೆ ಬಂದಿತ್ತು. ಮಗ ಕೈ ತೊಳೆಯುವಾಗ ಒಮ್ಮೆ, "ಇದರ ಬೂಚು ಎಲ್ಲಿ?" ಎಂದು ಕೇಳಿದ. "ಸವೆದುಹೋಗಿತ್ತು, ಅಂಗಡಿಯಿಂದ ಹೊಸದು ತರ್ತೀನಿ," ಎಂದಳು ಸೊಸೆ. ಮೊಮ್ಮಗಳಿಗೆ ಬನ್ನು ನೆತ್ತಿಗೇರಿ ಕೆಮ್ಮು ಬಂತು.

ಶನಿವಾರ ಮಧ್ಯಾಹ್ನ ಸೆಕೆ ಹತ್ತಿತು. ಸಂಜೆಯ ಹೊತ್ತಿಗೆ ಕೆರೆಯ ಆಚೆ ಬದಿ ಕಪ್ಪಾಯಿತು. ಮೊದಲ ಹನಿ ದೋಣಿಯ ಲೋಹದ ಮೇಲೆ ಠಣ್ಣೆಂದು ಬಿದ್ದಾಗ ಅಜ್ಜಿ ಆಲೂಗಡ್ಡೆ ಸುಲಿಯುತ್ತಿದ್ದರು. ಚಾಕು ಹಿಡಿದುಕೊಂಡೇ ಕಿಟಕಿಗೆ ಬಂದರು. ಎರಡನೆಯ ಹನಿ, ಮೂರನೆಯದು, ಆಮೇಲೆ ಎಣಿಸಲಾಗದಷ್ಟು. ಸೊಸೆ ಹಿಂದಿನಿಂದ ಬಂದು ಅತ್ತೆಯ ಭುಜ ಹಿಡಿದುಕೊಂಡಳು. ಹಗ್ಗದ ಮೇಲಿದ್ದ ಬಟ್ಟೆಗಳು ತೋಯ್ದು ತೊಪ್ಪೆಯಾದವು. ಇಬ್ಬರಲ್ಲಿ ಒಬ್ಬರೂ ಅತ್ತ ಹೋಗಲಿಲ್ಲ. ಬೆಳಗಿನವರೆಗೂ ಬಿಡದೆ ಹೊಯ್ಯಿತು.

ಹೋಟೆಲಿನವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಒಗೆದ ಬಿಳಿ ಪ್ಯಾಂಟು, ಹೊಳೆಯುವ ಬೂಟು, ಹಿಂದೆ ಇಬ್ಬರು ಆಳುಗಳು, ಓಣಿಯಲ್ಲಿ ಒಂದು ಟೆಂಪೊ. ಸಂದಿಯೊಳಗೆ ಇಣುಕಿ ನೋಡಿ, "ಏನು ಬೂಚಣ್ಣ, ದೋಣಿ ಕೆರೇಲಿರಬೇಕೋ, ಕೆರೆ ದೋಣೀಲಿರಬೇಕೋ?" ಎಂದರು. ದೋಣಿ ಅಂಚಿನವರೆಗೆ ತುಂಬಿ ತುಳುಕುತ್ತಿತ್ತು. ಆಳುಗಳು ಒಂದು ಕಡೆ ಹಿಡಿದು ಎತ್ತಿ ನೋಡಿ, ಕೈ ಬಿಟ್ಟರು.

"ಮೊಗೆದು ಹಾಕಿಸ್ತೀನಿ, ಒಂದು ನಿಮಿಷ," ಎಂದ ಮಗ. ತಿಂಗಳ ಮೇಲೆ ಮೊದಲ ಬಾರಿ ದೋಣಿಯ ಹತ್ತಿರ ಬಂದಿದ್ದ. ಅವನ ಮುಖ ಬಣ್ಣಗೆಟ್ಟಿತ್ತು.

"ಯಾರೂ ಮುಟ್ಬೇಡಿ," ಎಂದರು ಅಜ್ಜಿ. ಅವರು ಬಾಗಿಲಲ್ಲಿ ನಿಂತಿದ್ದರು, ಒಗೆದ ಬಟ್ಟೆ ಉಟ್ಟು, ತಲೆ ಬಾಚಿ. "ಮಾತು ನೆನಪಿದ್ಯೇನೋ? ತುಂಬಿದ ದೋಣಿ, ನಾನೊಬ್ಬಳೇ."

"ಅಮ್ಮ, ಅದನ್ನ ಸಿಟ್ಟಲ್ಲಿ ಅಂದಿದ್ದು..."

"ಸಿಟ್ಟಲ್ಲಿ ಅಂದ್ರೂ ಅಂದಿದ್ದೇ," ಎಂದಳು ಸೊಸೆ ಒಳಗಿನಿಂದ. "ನಾನೂ ಕೇಳಿದೀನಿ, ಇವಳೂ ಕೇಳಿದಾಳೆ."

ಅಜ್ಜಿ ಮೆಟ್ಟಿಲಿಳಿದರು. ಮಗ ಅಡ್ಡ ಬಂದು ಅವರ ಎರಡೂ ತೋಳು ಹಿಡಿದ.

"ಬೇಡಮ್ಮ. ಒಳಗೆ ಇಳೀಬೇಡ. ಕೈ ಮುಗೀತೀನಿ." ಓಣಿಯವರು ಒಬ್ಬೊಬ್ಬರಾಗಿ ಬಂದು ನಿಂತಿದ್ದರು, ಅವನಿಗೆ ಅದರ ಪರಿವೆ ಇರಲಿಲ್ಲ. "ಅವತ್ತು ನೀನು ಆ ನೀರಲ್ಲಿ ಬಿದ್ದಿದ್ಯಲ್ಲ, ಕಣ್ಣು ಮುಚ್ಕೊಂಡು... ನೀನು ಹೋಗೇಬಿಟ್ಟೆ ಅಂದ್ಕೊಂಡೆ ನಾನು. ಸೊಳ್ಳೆನೂ ಅಲ್ಲ, ಏನೂ ಅಲ್ಲ. ನನಗೆ ಭಯ. ಈ ದೋಣಿ ಕಂಡ್ರೆ ಭಯ ನನಗೆ."

ಅಜ್ಜಿ ಮಗನ ಕೆನ್ನೆಗೆ ತಮ್ಮ ಸಣಕಲು ಬಲಗೈ ಇಟ್ಟರು. ಅವನು ಮಗುವಾಗಿದ್ದಾಗ ಬಿಟ್ಟರೆ ಹಾಗೆ ಇಟ್ಟವರಲ್ಲ.

"ಮೊದಲೇ ಹೇಳ್ಬಾರ್ದಿತ್ತೇನೋ, ಪೆದ್ದ? ಒಳಗೆ ಇಳಿಯಲ್ಲ ಕಣೋ. ಸರಿ ಆ ಕಡೆ."

ದೋಣಿಯ ಹಿಂಭಾಗಕ್ಕೆ ಹೋಗಿ, ಅದೇ ಬಲಗೈಯ ಎರಡು ಬೆರಳಿಗೆ ದಾರ ಸುತ್ತಿ, ಒಮ್ಮೆ ಎಳೆದರು.

ಒಳಗಿನಿಂದ ಗುಳುಂ ಎಂದಿತು. ಹೆಬ್ಬೆರಳಿಗಿಂತ ದಪ್ಪನೆಯ ನೀರಿನ ಧಾರೆ ಭರ್ರನೆ ಚಿಮ್ಮಿ, ಸೀದಾ ಹೋಗಿ ಹೋಟೆಲಿನವರ ಹೊಳೆಯುವ ಬೂಟುಗಳ ಮೇಲೆ ಬಿತ್ತು. ಅವರು ಹಾರಿದರು. ಆಳುಗಳು ಗೋಡೆಗೆ ಅಂಟಿಕೊಂಡರು. ನೀರು ಸಂದಿಯುದ್ದಕ್ಕೂ ಹರಿದು, ಓಣಿಗೆ ಇಳಿದು, ಇಳಿಜಾರಿನಲ್ಲಿ ಕೆರೆಯ ಕಡೆ ಓಡಿತು. ಓಣಿಯವರೆಲ್ಲ ಹೋ ಎಂದು ಕೂಗಿದರು. ಅಜ್ಜಿ ಸ್ಟೂಲು ಎಳೆದುಕೊಂಡು ಕೂತು, ದಾರದ ತುದಿಯಲ್ಲಿ ಬೂಚನ್ನು ಮೀನಿನಂತೆ ತೂಗಾಡಿಸುತ್ತ, ತಮ್ಮ ದೋಣಿ ಖಾಲಿಯಾಗುವುದನ್ನು ನೋಡತೊಡಗಿದರು. ಸೊಸೆ ಒಂದು ಲೋಟ ಚಹಾ ತಂದು ಕೈಗೆ ಕೊಟ್ಟಳು.

ಮಗ ಬಗ್ಗಿ ನೋಡಿದ. ಅವನಿಗೆ ಮೊದಲು ಹೊಳೆದದ್ದು ವೆಲ್ಡರನ ಸಂಗತಿ.

"ನನ್ನ ಬೆಸುಗೆ! ಯಾರು ಕೊರೆದಿದ್ದು?"

"ನಾನು," ಎಂದಳು ಹೆಂಡತಿ. "ಒಂದು ಡ್ರಿಲ್ ಬಿಟ್ ಮುರೀತು, ಇನ್ನೊಂದು ಸುಟ್ಟೋಯ್ತು. ಅಷ್ಟು ಗಟ್ಟಿ."

ಅವನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಕಣ್ಣು ದಾರದ ತುದಿಗೆ ಹೋಯಿತು. ಹತ್ತಿರ ಬಂದು ಬೂಚನ್ನು ಹಿಡಿದು, ತಿರುಗಿಸಿ, ಹಿತ್ತಾಳೆ ಉಂಗುರ ಮುಟ್ಟಿ ನೋಡಿದ.

"ಇದು ಸಿಂಕಿಂದಲ್ವಾ?"

"ಸಿಂಕಿಗೆ ಬಂದಿದ್ದು ದೋಣಿಯಿಂದ." ಸೊಸೆ ಓಣಿಯವರಿಗೆಲ್ಲ ಕೇಳುವಂತೆ ಗಂಟಲು ಸರಿಮಾಡಿಕೊಂಡಳು. ಇಪ್ಪತ್ತು ವರ್ಷ ಬಾರದ ಬಾಯಿ ಈಗ ಚೆನ್ನಾಗಿಯೇ ಬಂತು. "ನೀವು ಹಾಕಿದ್ರಿ. ಕಿತ್ತಿದ್ದು ನಾನು. ಹಿಂದಿನ ದಿನ ದೋಣಿ ತೊಳೆದು, ಸಿಂಕಿಗೆ ಸರಿಯಾಗುತ್ತೆ ಅಂತ ತಗೊಂಡೋದೆ. ಗೊತ್ತಿಲ್ದೆ. ಇಷ್ಟು ವರ್ಷ ನೀವು ಅನ್ನಿಸ್ಕೊಂಡ್ರಿ. ತಪ್ಪು ನಂದು."

ಎಲ್ಲರೂ ಅವನ ಮುಖ ನೋಡಿದರು. ಹೋಟೆಲಿನವರು ಒದ್ದೆ ಕಾಲ್ಚೀಲ ಹಿಂಡುವುದನ್ನು ನಿಲ್ಲಿಸಿದರು. ಧಾರೆ ಸಣ್ಣದಾಗುತ್ತ ಬಂದಿತ್ತು. ಮಗ ಬೂಚನ್ನೊಮ್ಮೆ, ಹೆಂಡತಿಯನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದ. ಬೈಯುತ್ತಾನೆ ಎಂದು ಮೊಮ್ಮಗಳು ಅಮ್ಮನ ಕೈ ಹಿಡಿದುಕೊಂಡಳು.

"ಹಾಕಿದ್ದೆ!" ಎಂದ ಅವನು. ಆಮೇಲೆ ಎರಡೂ ಕೈ ಮೇಲೆತ್ತಿ ಓಣಿಯ ಕಡೆ ತಿರುಗಿ ಅರಚಿದ. "ಕೇಳಿಸ್ಕೊಂಡ್ರೇನ್ರೋ! ನಾನು ಹಾಕಿದ್ದೆ! ನಾನು ಮರೆತಿರ್ಲಿಲ್ಲ! ಹಾಕಿದ್ದೆ ಅಂದ್ರೆ ಹಾಕಿದ್ದೆ!"

ಓಣಿಗೆ ಓಡಿದ. ಎದುರು ಮನೆಯ ದರ್ಜಿಯನ್ನು ಅಪ್ಪಿಕೊಂಡ. ಪೇಪರ್ ಹಾಕುವವನ ಸೈಕಲ್ ಹಿಡಿದು ನಿಲ್ಲಿಸಿ ಅವನಿಗೂ ಹೇಳಿದ. "ಹಾಗಾದ್ರೆ ಇನ್ಮೇಲೆ ಏನಂತ ಕರೀಲಿ ಬೂಚಣ್ಣ?" ಎಂದು ಅವನು ಕೇಳಿದರೆ, "ಬೂಚಣ್ಣ ಅಂತಲೇ ಕರಿ! ಈಗ ಎಷ್ಟು ಬೇಕಾದ್ರೂ ಕರಿ!" ಎಂದ. ವಾಪಸು ಬಂದು ಹೆಂಡತಿಯ ಎದುರು ನಿಂತು ಗದರಿಸಲು ಬಾಯಿ ತೆರೆದ, ನಗು ಬಂದುಬಿಟ್ಟಿತು. "ಸಿಂಕಿಗಾ?" ಎಂದ. "ಇಪ್ಪತ್ತು ವರ್ಷ ನಾನೇ ಅದರಲ್ಲಿ ಕೈ ತೊಳೆದ್ನಾ?"

ದೋಣಿ ಖಾಲಿಯಾಯಿತು. ತಳದಲ್ಲಿ ಉಳಿದ ಒಂದಿಷ್ಟು ನೀರನ್ನು ಅಜ್ಜಿ ಅಂಚಿನಿಂದ ಕೈ ಚಾಚಿ ಸ್ಪಂಜಿನಲ್ಲಿ ಒರೆಸಿ ಹಿಂಡಿ, ಸ್ಪಂಜನ್ನು ಮಗನ ಕೈಗೆ ಕೊಟ್ಟರು. ಹೋಟೆಲಿನವರು ಬೂಟು ಕೈಯಲ್ಲಿ ಹಿಡಿದುಕೊಂಡು, "ಅಲ್ಲಮ್ಮಾ, ನನ್ನ ಹೂವಿನ ಗಿಡ?" ಎಂದರು.

"ನಾಳೆ ನಮ್ಮ ಅಂಗಡಿಗೆ ಬನ್ನಿ," ಎಂದಳು ಸೊಸೆ. "ದೊಡ್ಡ ಸಿಮೆಂಟ್ ತೊಟ್ಟಿ ಬಂದಿದೆ. ತೂತು ಮೊದಲೇ ಇರುತ್ತೆ."

ಮರುದಿನ ಬೆಳಗ್ಗೆ ಮಗ ಕೆಲಸಕ್ಕೆ ಹೊರಡುವ ಮೊದಲು ಗಾಡಿಯನ್ನು ತಾನೇ ಕೆರೆಯವರೆಗೆ ಉರುಳಿಸಿಕೊಂಡು ಹೋದ. ಬೂಚು ಒತ್ತಿ ಹಾಕಿದ. ಅಮ್ಮನನ್ನು ಕರೆದು ತೋರಿಸಿದ. ಹೆಂಡತಿಯನ್ನೂ ಕರೆದು, "ನೋಡ್ಕೋ, ಹಾಕಿದೀನಿ," ಎಂದ. ಮಗಳಿಂದ ಫೋಟೊ ತೆಗೆಸಿಕೊಂಡ. ಆಮೇಲೆ ಮಂಡಿಯುದ್ದ ನೀರಿಗೆ ಇಳಿದು ದೋಣಿಯನ್ನು ತಳ್ಳಿಕೊಟ್ಟ.

ಅಜ್ಜಿ ಹುಟ್ಟು ಹಾಕಿದರು. ಬಲಗೈ 'ಆಗಲ್ಲ' ಎಂದಿತು, ಎಡಗೈ ಅದರ ಪಾಲನ್ನೂ ಹೊತ್ತುಕೊಂಡಿತು; ದೋಣಿ ಸ್ವಲ್ಪ ಸೊಟ್ಟಗೇ ಹೋಯಿತು. ತಳ ಒಣಗಿತ್ತು. ನಡುನೀರು ತಲುಪುವ ಹೊತ್ತಿಗೆ ದಡದ ಮೂವರೂ ಹೆಬ್ಬೆರಳಿನಷ್ಟಾಗಿದ್ದರು.

"ಅಮ್ಮಾ!" ಮಗ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. "ಅಮ್ಮಾ, ತಿಂಡಿಗೆ ಬೇಗ ಬಾ!"

"ಅತ್ತೆ, ಮಗ್ಗು ಎಲ್ಲಿಟ್ಟಿದೀರಾ?" ಎಂದಳು ಸೊಸೆ.

"ಅಜ್ಜೀ!" ಎಂದಳು ಮೊಮ್ಮಗಳು.

ಅಜ್ಜಿಗೆ ಕೇಳಿಸಿತು. ಮೂರು ಕೂಗೂ ಚೆನ್ನಾಗಿಯೇ ಕೇಳಿಸಿತು. ತಿರುಗಿ ನೋಡಲಿಲ್ಲ, ಗಾಳ ಬಿಟ್ಟು ಕೂತರು.